ಬೆಂಗಳೂರಿನ ಫ್ಲ್ಯಾಟ್ ಸಾಮಾನು ಸಮೇತ ಬಾಡಿಗೆಗೆ: ಆಲೂರಿನಲ್ಲಿ ಕುಳಿತು ನಿಭಾಯಿಸಲು ಸಾಧ್ಯವೇ?

ಆಲೂರು_ತೋಟ

ಎಲ್ಲರಿಗೂ ನಮಸ್ಕಾರ. ಮಗ, ಸೊಸೆ ಇಬ್ಬರೂ ಕೆಲಸದ ಮೇಲೆ ಜರ್ಮನಿಗೆ ಹೋಗಿದ್ದಾರೆ. ಮೂರ್ನಾಲ್ಕು ವರ್ಷ ಈ ಕಡೆ ಬರುವ ಸೂಚನೆ ಇಲ್ಲ. ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಅವರದೊಂದು ಎರಡು ಬೆಡ್‌ರೂಮಿನ ಫ್ಲ್ಯಾಟ್ ಇದೆ. ಮೆಟ್ರೊ ನಿಲ್ದಾಣಕ್ಕೆ ನಡೆದೇ ಹೋಗಬಹುದು. ಒಳಗೆ ಸಾಮಾನು ತುಂಬಿದೆ: ಮಂಚ, ಹಾಸಿಗೆ, ಸೋಫಾ, ಊಟದ ಮೇಜು, ಫ್ರಿಜ್, ವಾಷಿಂಗ್ ಮೆಷಿನ್, ಟಿವಿ, ಎರಡು ಗೀಸರ್, ಅಡುಗೆಮನೆಯಲ್ಲಿ ಚಿಮಣಿ, ಗೋಡೆಗೆ ಕೂರಿಸಿದ ಕಪಾಟುಗಳು. ಬೀಗ ಹಾಕಿ ಬಿಟ್ಟರೆ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ, ತಿಂಗಳ ಮೇಂಟೆನೆನ್ಸ್ ಮಾತ್ರ ತಪ್ಪುವುದಿಲ್ಲ.

ಖಾಲಿ ಮನೆಯಾದರೆ 32 ಸಾವಿರ, ಸಾಮಾನು ಸಮೇತವಾದರೆ 40 ಸಾವಿರ ಎಂದು ಅಲ್ಲಿನ ದಲ್ಲಾಳಿ ಹೇಳುತ್ತಾರೆ. ಎಂಟು ಸಾವಿರದ ಆಸೆ ಯಾರಿಗಿಲ್ಲ? ಆದರೆ ನಾನಿರುವುದು ಆಲೂರಿನ ಪಕ್ಕದಲ್ಲಿ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಹಿಡಿದರೆ ರೊಬಸ್ಟಾ ಮುಗಿಯುವ ತನಕ ತೋಟ ಬಿಟ್ಟು ಕದಲುವಂತಿಲ್ಲ. ಗೀಸರ್ ಕೆಟ್ಟಿತು ಎಂದು ಫೋನ್ ಬಂದರೆ ಕಣದಲ್ಲಿ ನಿಂತು ನಾನೇನು ಮಾಡಲಿ? ಹೀಗೆ ಕೊಟ್ಟು ಅನುಭವವಿರುವವರು ದಯವಿಟ್ಟು ಹೇಳಿ.

ವಿದ್ಯಾನಗರ_ಮೇಷ್ಟ್ರು

ತೋಟದವರೇ, ನಾನು ಹಾಸನದಲ್ಲಿ ಕುಳಿತೇ ಬೆಂಗಳೂರಿನ ಒಂದು ಫ್ಲ್ಯಾಟನ್ನು ಬಹಳ ಕಾಲದಿಂದ ಬಾಡಿಗೆಗೆ ಕೊಡುತ್ತಿದ್ದೇನೆ. ಅದು ಇರುವುದು ಕೆ.ಆರ್. ಪುರದಲ್ಲಿ. ನಮ್ಮ ಹಾಸನದ ಕೆ.ಆರ್. ಪುರಂ ಬಡಾವಣೆ ಅಲ್ಲ, ಆ ಟ್ರಾಫಿಕ್ಕಿನ ಕೆ.ಆರ್. ಪುರ.

ಎಂಟು ಸಾವಿರವನ್ನು ಹನ್ನೆರಡರಿಂದ ಗುಣಿಸಿ 96 ಸಾವಿರ ಎಂದು ಖುಷಿಪಡಬೇಡಿ. ಸಾಮಾನು ಸಮೇತ ಮನೆ ಹುಡುಕುವವರು ಯಾರು? ಬೇರೆ ಊರಿನಿಂದ ಎರಡು ಸೂಟ್‌ಕೇಸ್ ಹಿಡಿದು ಬಂದವರು. ಬಂದಷ್ಟೇ ಸಲೀಸಾಗಿ ಹೋಗುತ್ತಾರೆ. ಅವರಿಗೆ ಲಾರಿ ಬೇಡ, ಪ್ಯಾಕಿಂಗ್ ಬೇಡ. ಕೆಲಸ ಬದಲಾದ ವಾರವೇ ನೋಟಿಸ್. ಆಮೇಲೆ ಒಂದು ತಿಂಗಳು ಮನೆ ಖಾಲಿ ಬಿದ್ದರೆ 40 ಸಾವಿರ ಹೋಯಿತು. ದಲ್ಲಾಳಿಗೆ ಮತ್ತೊಮ್ಮೆ ಕಮಿಷನ್ ಕೊಡಬೇಕು. ಸೋಫಾದ ಬಟ್ಟೆ, ಹಾಸಿಗೆ, ಫ್ರಿಜ್ಜಿನ ರಬ್ಬರ್ ಒಂದೊಂದಾಗಿ ಸವೆಯುತ್ತವೆ. ಸ್ವಂತ ಮಂಚ, ಬೀರು ತಂದು ಹೂಡಿದ ಸಂಸಾರ ಮಾತ್ರ ಸುಲಭಕ್ಕೆ ಏಳುವುದಿಲ್ಲ.

ನಾನು ಪಾಲಿಸುವ ನಿಯಮ ಇಷ್ಟೇ: ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ್ದು ಇರಲಿ, ಎತ್ತಿಕೊಂಡು ಹೋಗಬಹುದಾದದ್ದು ಇರುವುದು ಬೇಡ. ಕಪಾಟು, ಚಿಮಣಿ, ಗೀಸರ್, ಫ್ಯಾನ್, ದೀಪ, ಪರದೆಯ ಕಂಬಿ ಇಷ್ಟನ್ನು ಬಿಡಿ. ಮಿಕ್ಕಿದ್ದನ್ನು ಒಂದು ಸಣ್ಣ ಲಾರಿಯಲ್ಲಿ ಹಾಕಿ ಊರಿಗೆ ತನ್ನಿ. ತೋಟದ ಮನೆಗೆ ಇನ್ನೊಂದು ಫ್ರಿಜ್ ಭಾರವೇ?

ಗೀಸರ್ ವಿಷಯ ಸರಿಯಾಗಿ ಕೇಳಿದಿರಿ. ಆ ಕಡೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಗಡಸು. ಒಳಗಿನ ಕಾಯಿಲ್ ಮೇಲೆ ಸುಣ್ಣದ ಪದರ ಕಟ್ಟುತ್ತದೆ, ನೀರು ಕಾಯಲು ಹೊತ್ತು ಹಿಡಿಯುತ್ತದೆ, ಕರೆಂಟ್ ಬಿಲ್ ಏರುತ್ತದೆ, ಕೊನೆಗೆ ಕಾಯಿಲ್ ಸುಡುತ್ತದೆ. ವಾಷಿಂಗ್ ಮೆಷಿನ್ನಿನ ಹೀಟರಿಗೂ ಇದೇ ಗತಿ. ವರ್ಷಕ್ಕೊಮ್ಮೆ ಬಿಚ್ಚಿ ಸುಣ್ಣ ಕೆರೆಸಬೇಕು. ಆ ಖರ್ಚು ಮಾಲೀಕನದು ಎಂದು ನಾನು ಮೊದಲೇ ಬರೆದುಬಿಡುತ್ತೇನೆ. ಅಲ್ಲಿನ ಒಬ್ಬ ಪ್ಲಂಬರ್, ಒಬ್ಬ ಎಲೆಕ್ಟ್ರಿಷಿಯನ್ ನಂಬರನ್ನು ಬಾಡಿಗೆದಾರನಿಗೆ ಕೊಟ್ಟಿದ್ದೇನೆ. ಎರಡು ಸಾವಿರದೊಳಗಿನ ರಿಪೇರಿಗೆ ನನ್ನನ್ನು ಕೇಳುವುದೇ ಬೇಡ, ಬಿಲ್ ಕಳಿಸಿ ಬಾಡಿಗೆಯಲ್ಲಿ ಹಿಡಿದುಕೊಳ್ಳಿ ಎಂದು ಹೇಳಿದ್ದೇನೆ. ಫೋನ್ ಬರುವುದು ನಿಂತಿದೆ.

ಸಕಲೇಶಪುರ_ಘಾಟಿ

ಮೇಷ್ಟ್ರೇ, ಇದು ಹಳೆಯ ಕಾಲದ ಲೆಕ್ಕ. ನಾನು ಇಲ್ಲಿ ಹೋಮ್‌ಸ್ಟೇ ನಡೆಸುತ್ತೇನೆ. ತಿಂಗಳ ಬಾಡಿಗೆ ಏಕೆ, ದಿನದ ಲೆಕ್ಕದಲ್ಲಿ ಕೊಡಲಿ. ಮೆಟ್ರೊ ಹತ್ತಿರ, ಐಟಿ ಕಂಪನಿಗಳು ಹತ್ತಿರ. ಹದಿನೈದು ದಿನ ತುಂಬಿದರೂ ತಿಂಗಳ ಬಾಡಿಗೆ ಎದ್ದುಬರುತ್ತದೆ.

ವಿದ್ಯಾನಗರ_ಮೇಷ್ಟ್ರು

ನಿಮ್ಮ ಹೋಮ್‌ಸ್ಟೇಯಲ್ಲಿ ನೀವೇ ಇದ್ದೀರಿ, ಅಡುಗೆಯವರಿದ್ದಾರೆ, ಕೋಣೆ ಗುಡಿಸುವವರಿದ್ದಾರೆ. ಇಲ್ಲಿ ಹಾಸಿಗೆಯ ಹೊದಿಕೆ ಬದಲಿಸಲು ಆಲೂರಿನಿಂದ ಬಸ್ ಹತ್ತಬೇಕೇ?

ಚನ್ನರಾಯಪಟ್ಟಣ_ರೈಲು

ಘಾಟಿಯವರೇ, ಇನ್ನೂ ಎರಡು ತೊಡಕುಗಳಿವೆ. ಬಹುತೇಕ ಅಪಾರ್ಟ್‌ಮೆಂಟ್ ಸಂಘಗಳ ಬೈಲಾ ದಿನಬಾಡಿಗೆಗೆ ಒಪ್ಪುವುದಿಲ್ಲ, ಗೇಟಿನಲ್ಲೇ ಜಗಳ. ವಿದೇಶಿಯರು ಬಂದು ತಂಗಿದರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಆನ್‌ಲೈನಿನಲ್ಲಿ ಮಾಹಿತಿ ಹೋಗಬೇಕು. ಇದನ್ನೆಲ್ಲ ಮಾಡಲು ಸ್ಥಳದಲ್ಲಿ ಒಬ್ಬ ಮನುಷ್ಯ ಬೇಕೇ ಬೇಕು. ಅವನ ಸಂಬಳ ಕಳೆದರೆ ಏನು ಉಳಿಯುತ್ತದೆ?

ಒಂದು ಸಮಾಧಾನವೆಂದರೆ ಶ್ರವಣಬೆಳಗೊಳ, ಕುಣಿಗಲ್ ಮೇಲಿನ ರೈಲು ಮಾರ್ಗ 2017ರಲ್ಲಿ ತೆರೆದ ಮೇಲೆ ನಮಗೆ ಬೆಂಗಳೂರು ಹತ್ತಿರವಾಗಿದೆ. ಯಶವಂತಪುರದಲ್ಲಿ ಇಳಿದು ಮೆಟ್ರೊ ಹಿಡಿದು, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದಿಂದ ನೇರಳೆಗೆ ಬದಲಿಸಿದರೆ ವೈಟ್‌ಫೀಲ್ಡ್‌ವರೆಗೂ ರಸ್ತೆಗೆ ಇಳಿಯುವ ಕೆಲಸವಿಲ್ಲ. ಬಾಡಿಗೆದಾರ ಬರುವ ದಿನ, ಹೋಗುವ ದಿನ ಹೇಗಾದರೂ ನೀವೇ ಹೋಗಿ. ಆ ಎರಡು ದಿನಗಳನ್ನು ದಲ್ಲಾಳಿಗೆ ಬಿಡಬೇಡಿ.

ಬೇಲೂರು_ಲೆಕ್ಕಪತ್ರ

ಎಲ್ಲರೂ ಸೋಫಾ, ಗೀಸರ್ ಎನ್ನುತ್ತಿದ್ದೀರಿ. ನಾನು ಕೇಳುವುದು ಒಂದೇ: ಫ್ಲ್ಯಾಟ್ ಯಾರ ಹೆಸರಿನಲ್ಲಿದೆ?

ಆಲೂರು_ತೋಟ

ಮಗ ಮತ್ತು ಸೊಸೆ ಇಬ್ಬರ ಹೆಸರಿನಲ್ಲಿ, ಅರ್ಧರ್ಧ. ಬಾಡಿಗೆ ನನ್ನ ಖಾತೆಗೆ ಬರಲಿ ಎಂದು ಮಗ ಹೇಳಿದ್ದಾನೆ.

ಬೇಲೂರು_ಲೆಕ್ಕಪತ್ರ

ಹಾಗಾದರೆ ನಿಮ್ಮ ಎಂಟು ಸಾವಿರಕ್ಕಿಂತ ದೊಡ್ಡ ವಿಷಯ ಇಲ್ಲಿದೆ, ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಬಾಡಿಗೆ ನಿಮ್ಮ ಖಾತೆಗೆ ಬಿದ್ದರೂ ಆದಾಯ ಮಾಲೀಕರದೇ, ತೆರಿಗೆಯೂ ಅವರದೇ. ಮಗ, ಸೊಸೆ ಅನಿವಾಸಿಗಳೇ ಎಂಬುದು ಪಾಸ್‌ಪೋರ್ಟಿನಿಂದ ತೀರ್ಮಾನವಾಗುವುದಿಲ್ಲ; ಆ ವರ್ಷ ಭಾರತದೊಳಗೆ ಎಷ್ಟು ದಿನ ಇದ್ದರು ಎಂಬುದರಿಂದ ಆಗುತ್ತದೆ. ಅನಿವಾಸಿಗಳಾದರೆ, ಬಾಡಿಗೆ ಕೊಡುವವನು ಮೂಲದಲ್ಲೇ ತೆರಿಗೆ ಕಡಿತ ಮಾಡಬೇಕು. ದರ ಶೇ 30, ಅದರ ಮೇಲೆ ಸೆಸ್, ಒಟ್ಟು ಶೇ 31.2. ತಿಂಗಳಿಗೆ 50 ಸಾವಿರ ದಾಟಿದರೆ ಶೇ 2 ಎಂಬ ನಿಯಮ ಜನರ ಬಾಯಲ್ಲಿದೆಯಲ್ಲ, ಅದು ಮಾಲೀಕ ದೇಶದಲ್ಲಿ ವಾಸವಿರುವಾಗ. ಅನಿವಾಸಿ ಮಾಲೀಕನಿಗೆ ಆ 50 ಸಾವಿರದ ಮಿತಿ ಇಲ್ಲ.

40 ಸಾವಿರದ ಬಾಡಿಗೆ ವರ್ಷಕ್ಕೆ 4,80,000. ಶೇ 31.2 ಎಂದರೆ 1,49,760 ರೂಪಾಯಿ ಕಡಿತ. ಬಾಡಿಗೆದಾರ ಇದನ್ನು ಮಾಡದಿದ್ದರೆ ಹೊಣೆ ಅವನ ತಲೆಗೆ ಬರುತ್ತದೆ, ಆದ್ದರಿಂದ ತಿಳಿದವನು ಮೊದಲ ದಿನವೇ ಕೇಳುತ್ತಾನೆ. ತಿಳಿಯದವನಿಗೆ ನೀವೇ ಹೇಳಬೇಕು.

ಗಾಬರಿ ಬೇಡ. ಇಬ್ಬರ ಪಾಲು ನಿಖರವಾಗಿದ್ದರೆ ಒಬ್ಬೊಬ್ಬರಿಗೆ 2,40,000 ಬಾಡಿಗೆ. ಅದರಲ್ಲಿ ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇ 30 ವಿನಾಯಿತಿ. ಇಲ್ಲಿ ಬೇರೆ ಆದಾಯವಿಲ್ಲದಿದ್ದರೆ ಹೊಸ ತೆರಿಗೆ ಪದ್ಧತಿಯ 4 ಲಕ್ಷದ ತೆರಿಗೆರಹಿತ ಮಿತಿಯೊಳಗೇ ಉಳಿಯುತ್ತಾರೆ. ರಿಟರ್ನ್ ಸಲ್ಲಿಸಿದರೆ ಕಡಿತವಾದದ್ದು ವಾಪಸ್ ಬರುತ್ತದೆ. ವರ್ಷಗಟ್ಟಲೆ ಹಣ ಸಿಕ್ಕಿಕೊಳ್ಳುವುದು ಬೇಡವೆಂದರೆ ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಇಲಾಖೆಗೆ ಮೊದಲೇ ಅರ್ಜಿ ಹಾಕಿ. ದೇಶದ ನಿವಾಸಿಗಳಿಗಿರುವ ತೆರಿಗೆ ರಿಯಾಯಿತಿ (ರಿಬೇಟ್) ಅನಿವಾಸಿಗಳಿಗೆ ಇಲ್ಲ, ಅದನ್ನು ನಂಬಿ ಲೆಕ್ಕ ಹಾಕಬೇಡಿ. ಹೊರಟ ವರ್ಷ ಇಲ್ಲಿಯ ಸಂಬಳವೂ ಇರುತ್ತದೆ. ಆ ವರ್ಷದ ಲೆಕ್ಕ ಬೇರೆ. ಬಾಡಿಗೆ ಅವರ ಎನ್‌ಆರ್‌ಒ ಖಾತೆಗೇ (ಅನಿವಾಸಿಗಳು ಇಲ್ಲಿಯ ಆದಾಯ ಇಡುವ ಬ್ಯಾಂಕ್ ಖಾತೆ) ಬರಲಿ.

ಈಗ ಸಾಮಾನಿನ ವಿಷಯ. ಮನೆ ಬಾಡಿಗೆ ಎಂದರೆ ‘ಮನೆ ಆಸ್ತಿಯ ಆದಾಯ’, ಕೇಳದೆಯೇ ಶೇ 30 ವಿನಾಯಿತಿ. ಮನೆ ಮತ್ತು ಸಾಮಾನು ಬೇರ್ಪಡಿಸಲಾಗದಂತೆ ಒಂದೇ ಬಾಡಿಗೆಗೆ ಹೋದರೆ ಇಡೀ ಮೊತ್ತ ‘ಇತರ ಮೂಲಗಳ ಆದಾಯ’ಕ್ಕೆ ಸರಿಯುವ ಸಂಭವವಿದೆ. ಆಗ ಆ ಶೇ 30 ಇಲ್ಲ; ಬದಲಿಗೆ ರಿಪೇರಿ, ವಿಮೆ, ಸವಕಳಿ ಇವನ್ನು ರಸೀದಿ ಇಟ್ಟು ಕೇಳಬೇಕು. ಪೀಠೋಪಕರಣದ ಸವಕಳಿ ದರ ಶೇ 10. ಸುಲ್ತಾನ್ ಬ್ರದರ್ಸ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಎರಡನ್ನೂ ಒಟ್ಟಿಗೇ ಅನುಭವಿಸಬೇಕೆಂಬುದು ಕೊಡುವವರ, ಪಡೆಯುವವರ ಉದ್ದೇಶವಾಗಿತ್ತೇ ಎಂದು ನೋಡಬೇಕು. ಬಾಡಿಗೆ 32, ಸಾಮಾನಿಗೆ 8 ಎಂದು ಎರಡು ಪತ್ರ ಮಾಡಿಸಿದರೆ ಅನುಕೂಲ ನಿಜ. ಆದರೆ ಕಾಗದ ಸೀಳಿದ ಮಾತ್ರಕ್ಕೆ ವ್ಯವಹಾರ ಸೀಳುವುದಿಲ್ಲ. ಸಾಮಾನು ಬೇಡವೆಂದವನಿಗೆ ಮನೆಯನ್ನಷ್ಟೇ ಕೊಡಲು ನೀವು ನಿಜಕ್ಕೂ ಸಿದ್ಧರಿರಬೇಕು.

ಹೀಗಾಗಿ ನನ್ನ ಮತ ಮೇಷ್ಟ್ರ ಕಡೆಗೆ. ಕಪಾಟು, ಗೀಸರ್ ಇರುವ ಮನೆ ಮನೆಯೇ. ಅದಕ್ಕೆ ಈ ರಗಳೆ ಇಲ್ಲ.

ಸಕಲೇಶಪುರ_ಘಾಟಿ

ಒಪ್ಪಿದೆ ಸ್ವಾಮಿ. ದಿನಬಾಡಿಗೆ ಬಿಡಿ, ಕಂಪನಿಗೆ ಕೊಟ್ಟರೆ? ನೌಕರರನ್ನು ಇಳಿಸಲು ಸಾಮಾನು ಸಮೇತ ಮನೆಯನ್ನು ಅವರೇ ಹುಡುಕುತ್ತಾರೆ.

ಬೇಲೂರು_ಲೆಕ್ಕಪತ್ರ

ಬಾಡಿಗೆ ತಿಂಗಳು ತಪ್ಪದೆ ಬರುತ್ತದೆ, ತೆರಿಗೆ ಕಡಿತದ ಕೆಲಸವೂ ಅವರಿಗೆ ಅಭ್ಯಾಸ. 2022ರ ಜುಲೈ 18ರಿಂದ ಜಿಎಸ್‌ಟಿ ನೋಂದಣಿ ಇರುವ ಬಾಡಿಗೆದಾರ ವಾಸದ ಮನೆಯ ಬಾಡಿಗೆ ಮೇಲೆ ಜಿಎಸ್‌ಟಿಯನ್ನು ತಾನೇ ಕಟ್ಟಬೇಕು. ಆ ಲೆಕ್ಕ ಇಟ್ಟುಕೊಂಡೇ ಅವರು ಬಾಡಿಗೆ ಚೌಕಾಸಿ ಮಾಡುತ್ತಾರೆ. ಸಿಕ್ಕರೆ ಒಳ್ಳೆಯದು. ಸಾಮಾನನ್ನು ಬಿಟ್ಟೇ ಕೊಡಬೇಕೆಂದಿದ್ದರೆ ಇದೊಂದೇ ದಾರಿ ನನಗೆ ಸರಿ ಕಾಣುವುದು.

ಹೊಳೆನರಸೀಪುರ_ಹಿರಿಯ

ಯಾರಿಗೆ ಕೊಟ್ಟರೂ ಸಂಸಾರಸ್ಥರಿಗೆ ಮಾತ್ರ ಕೊಡಿ. ನಮ್ಮ ಕಡೆಯವರು ಸಿಕ್ಕರೆ ಇನ್ನೂ ಮೇಲು. ಒಂಟಿ ಹುಡುಗ ಹುಡುಗಿಯರಿಗೆ ಸಾಮಾನು ಸಮೇತ ಮನೆ ಕೊಟ್ಟರೆ ಮುಗಿಯಿತು, ವರ್ಷದಲ್ಲಿ ಸೋಫಾ ಚಿಂದಿ.

ಕಡೂರು_ಹುಡುಗಿ

ಹಿರಿಯರೇ, ನಾನು ಆ ಒಂಟಿ ಹುಡುಗಿಯರ ಪೈಕಿ ಒಬ್ಬಳು. ಇನ್ನಿಬ್ಬರು ಗೆಳತಿಯರೊಂದಿಗೆ ಬೆಂಗಳೂರಿನಲ್ಲಿ ಸಾಮಾನು ಸಮೇತದ ಮನೆಯಲ್ಲೇ ಇದ್ದೇನೆ. ನಿಮ್ಮ ಮಾತನ್ನು ಅಲ್ಲಿಯ ಮಾಲೀಕರಿಂದ ಕೇಳಿ ಕೇಳಿ ಕಿವಿ ತೂತಾಗಿದೆ. ಹೆಸರು ಕೇಳುತ್ತಾರೆ, ಊರು ಕೇಳುತ್ತಾರೆ, ಮಾಂಸ ತಿನ್ನುತ್ತೀರಾ ಎನ್ನುತ್ತಾರೆ, ಎಷ್ಟು ಗಂಟೆಗೆ ಬರುತ್ತೀರಿ ಎನ್ನುತ್ತಾರೆ. ಸಂಬಳದ ಚೀಟಿ ಮಾತ್ರ ಕೊನೆಗೆ ಕೇಳುತ್ತಾರೆ. ಮೂವರು ಸಂಬಳ ತರುವ ಮನೆಯಲ್ಲಿ ಒಬ್ಬಳ ಕೆಲಸ ಹೋದರೂ ಬಾಡಿಗೆ ನಿಲ್ಲುವುದಿಲ್ಲ, ಇದನ್ನು ಯಾವ ಮಾಲೀಕರೂ ಯೋಚಿಸುವುದಿಲ್ಲ. ಸೋಫಾದ ಮೇಲೆ ಕುಣಿಯುವುದು ಐದು ವರ್ಷದ ಮಕ್ಕಳು, ಮೂವತ್ತರ ನಾವಲ್ಲ.

ಬಾಡಿಗೆದಾರರ ಕಡೆಯಿಂದ ಎರಡು ಮಾತು ಹೇಳುತ್ತೇನೆ ತೋಟದ ಅಂಕಲ್, ನಿಮಗೂ ಉಪಯೋಗವಾದೀತು.

ಒಂದು, ಹಳೆಯ ಹಾಸಿಗೆಯನ್ನು ದಯವಿಟ್ಟು ಬಿಡಬೇಡಿ. ಬೇರೆಯವರು ಮಲಗಿದ ಹಾಸಿಗೆ ಯಾರಿಗೂ ಬೇಡ. ಮಂಚ ಬಿಡಿ, ಹಾಸಿಗೆ ನಾವೇ ತರುತ್ತೇವೆ. ಟಿವಿಯೂ ಬೇಡ; ಎಲ್ಲರೂ ಲ್ಯಾಪ್‌ಟಾಪಿನಲ್ಲಿ ನೋಡುತ್ತಾರೆ. ಬೇಕಾಗಿರುವುದು ಫ್ರಿಜ್, ವಾಷಿಂಗ್ ಮೆಷಿನ್, ಒಂದು ಒಳ್ಳೆಯ ಮೇಜು, ಕುರ್ಚಿ. ಮನೆಯಿಂದಲೇ ಕೆಲಸ ಮಾಡುವವರಿಗೆ ನಿಮ್ಮ ಸೋಫಾಕ್ಕಿಂತ ಆ ಮೇಜು ದೊಡ್ಡದು.

ಎರಡು, ಅಡ್ವಾನ್ಸ್. ಹಿಂದಿನ ಮನೆ ಬಿಡುವಾಗ ಮಾಲೀಕರು ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದರು, ಸರಿ, ಬೆಂಗಳೂರಿನ ರೂಢಿ. ಅದರ ಮೇಲೆ ನಾವು ಬರುವ ಮೊದಲೇ ಇದ್ದ ಮೇಜಿನ ಗೀರು, ಸವೆದ ಚಿಮಣಿ ಜಾಲರಿ, ಮಸುಕಾದ ಪರದೆ ಎಲ್ಲಕ್ಕೂ ಹಿಡಿದರು. ಬರುವಾಗ ತೆಗೆದ ಫೋಟೊ ತೋರಿಸಿದ ಮೇಲೆ ಅರ್ಧ ವಾಪಸ್ ಬಂತು. ಫೋಟೊ ಜೊತೆಗೆ ಸಾಮಾನಿನ ಪಟ್ಟಿಯೂ ಇದ್ದಿದ್ದರೆ ಇಬ್ಬರ ಮರ್ಯಾದೆಯೂ ಉಳಿಯುತ್ತಿತ್ತು.

ಹೊಳೆನರಸೀಪುರ_ಹಿರಿಯ

ತಾಯಿ, ಬೇಜಾರು ಮಾಡಿಕೊಳ್ಳಬೇಡ. ಕಂಡದ್ದು ಹೇಳಿದೆ. ಆದರೂ ಹನ್ನೆರಡು ವರ್ಷ ಒಬ್ಬರನ್ನೇ ಇಟ್ಟುಕೊಂಡರೆ ಮನೆ ಅವರದೇ ಆಗಿಬಿಡುತ್ತದಂತೆ, ಅದಾದರೂ ನಿಜವಷ್ಟೆ?

ವಕೀಲರ_ಜಗಲಿ

ನಿಜವಲ್ಲ, ಸ್ವಾಮಿ. ಈ ಮಾತು ನಮ್ಮ ಜಿಲ್ಲೆಯ ಪ್ರತಿ ಕಟ್ಟೆಯ ಮೇಲೂ ಓಡಾಡುತ್ತದೆ. ಹನ್ನೆರಡು ವರ್ಷದ ಲೆಕ್ಕ ಇರುವುದು ಮಾಲೀಕನ ಹಕ್ಕನ್ನು ಧಿಕ್ಕರಿಸಿ, ಅವನ ಒಪ್ಪಿಗೆಯಿಲ್ಲದೆ ಬಹಿರಂಗವಾಗಿ ಸ್ವಾಧೀನದಲ್ಲಿದ್ದವನಿಗೆ. ಬಾಡಿಗೆದಾರ ಒಳಗೆ ಬಂದದ್ದೇ ಮಾಲೀಕನ ಒಪ್ಪಿಗೆಯಿಂದ. ಬಾಡಿಗೆಗೆ ಇರುವಷ್ಟು ಕಾಲ ಮಾಲೀಕನ ಹಕ್ಕನ್ನೇ ಅಲ್ಲಗಳೆಯಲು ಸಾಕ್ಷ್ಯ ಕಾನೂನು ಅವನಿಗೆ ಬಿಡುವುದಿಲ್ಲ. ಕರಾರು ಪತ್ರ, ಬ್ಯಾಂಕಿನ ಮೂಲಕ ಬಂದ ಬಾಡಿಗೆ ಇವೆರಡು ಕೈಯಲ್ಲಿರಲಿ, ನಿದ್ದೆ ಮಾಡಿ.

ಬಾಡಿಗೆ ಕರಾರನ್ನು ಹನ್ನೊಂದು ತಿಂಗಳಿಗೇ ಮಾಡುವ ರಹಸ್ಯವೂ ಇಷ್ಟೇ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಯನ್ನು ಕಡ್ಡಾಯವಾಗಿ ನೋಂದಾಯಿಸಬೇಕು. ಆ ಖರ್ಚು, ಓಡಾಟ ಬೇಡವೆಂದು ಹನ್ನೊಂದು ತಿಂಗಳು. ಬಾಡಿಗೆ ಕಾಯ್ದೆಯ ಹೆದರಿಕೆಯೂ ಬೇಡ: ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಬೆಂಗಳೂರಿನಂಥ ಕಡೆ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ತಗಲುವುದಿಲ್ಲ. ನಿಮ್ಮ ವ್ಯವಹಾರವೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ನಿಮ್ಮ ಕರಾರಿನ ಮೇಲೆ ನಿಂತಿದೆ. ಅದೇ ಕಾಯ್ದೆ ಸಹಜ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎನ್ನುತ್ತದೆ. ಕಡೂರಿನ ತಂಗಿ ಹೇಳಿದ ಮಸುಕಾದ ಪರದೆ ಸಹಜ ಸವೆತ, ಸುಟ್ಟ ಪರದೆ ಅಲ್ಲ.

ಅಡ್ವಾನ್ಸ್ ಎರಡು ತಿಂಗಳಿಗಿಂತ ಹೆಚ್ಚು ತೆಗೆದುಕೊಂಡರೆ ಅಪರಾಧ ಎಂದು ಮೊಬೈಲಿನಲ್ಲಿ ಸುದ್ದಿ ಬರುತ್ತಿರುತ್ತದೆ. 2021ರಲ್ಲಿ ಕೇಂದ್ರ ಒಪ್ಪಿದ್ದು ಮಾದರಿ ಬಾಡಿಗೆ ಕಾಯ್ದೆ. ಹೆಸರೇ ಹೇಳುವಂತೆ ಅದು ಮಾದರಿ, ರಾಜ್ಯ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಬಲ. ಹಾಗೆಂದು ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾ ಕುಳಿತರೆ ಒಳ್ಳೆಯ ಬಾಡಿಗೆದಾರ ಪಕ್ಕದ ಬ್ಲಾಕಿಗೆ ಹೋಗುತ್ತಾನೆ.

ತೋಟದವರಿಗೆ ಮುಖ್ಯವಾದದ್ದು: ನೀವು ಮಾಲೀಕರಲ್ಲ, ಸಹಿ ಹಾಕಲು ಮಗ, ಸೊಸೆ ಇಬ್ಬರಿಂದಲೂ ಅಧಿಕಾರ ಪತ್ರ ಬೇಕು. ಜರ್ಮನಿಯಲ್ಲಿ ಭಾರತದ ದೂತಾವಾಸ ಕಚೇರಿಯಲ್ಲಿ ಅದಕ್ಕೆ ಸಹಿ ಮಾಡಿ ದೃಢೀಕರಿಸಿ ಕಳಿಸಲಿ. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಲಕೋಟೆಯನ್ನು ದೇವರ ಮನೆಯಲ್ಲಿಟ್ಟು ಮರೆಯಬೇಡಿ. ಬಾಡಿಗೆಗೆ ಕೊಡುವ, ವಸೂಲು ಮಾಡುವ, ನೋಟಿಸ್ ಕೊಡುವ, ದಾವೆ ಹೂಡುವ ಅಧಿಕಾರ ಸ್ಪಷ್ಟವಾಗಿ ಬರೆದಿರಲಿ. ಮಾರುವ ಅಧಿಕಾರ ಬೇಕಿಲ್ಲ, ಬರೆಸಲೂ ಬೇಡಿ.

ಚನ್ನರಾಯಪಟ್ಟಣ_ರೈಲು

ಯಾರೂ ಹೇಳದ ಒಂದೆರಡು ಸಣ್ಣ ಸಂಗತಿ. ಗೃಹಜ್ಯೋತಿಗೆ ಮೀಟರ್ ನಿಮ್ಮ ಮಗನ ಆಧಾರ್‌ಗೆ ಜೋಡಣೆಯಾಗಿದ್ದರೆ ಅದನ್ನು ಸೇವಾ ಸಿಂಧುವಿನಲ್ಲಿ ಬಿಡಿಸಿ. ಬಾಡಿಗೆದಾರರೂ ಆ ಯೋಜನೆಗೆ ಅರ್ಹರು, ಹೊಸಬರು ತಮ್ಮ ಆಧಾರ್‌ನಲ್ಲಿ ಜೋಡಿಸಿಕೊಳ್ಳುತ್ತಾರೆ. ಅವರು ಹೋಗುವಾಗ ಬಿಡಿಸಿಯೇ ಹೋಗಬೇಕೆಂದು ಕರಾರಿನಲ್ಲಿ ಬರೆಯಿರಿ. ಇಲ್ಲದಿದ್ದರೆ ಮುಂದಿನವರು ಬಂದು ನಿಮ್ಮನ್ನು ಕಾಡುತ್ತಾರೆ. ಅಲ್ಲಿ ಬೆಸ್ಕಾಂ, ನಮ್ಮ ಚೆಸ್ಕಾಂ ಕಚೇರಿಗೆ ಹೋಗಿ ಕೇಳಿ ಪ್ರಯೋಜನವಿಲ್ಲ.

ಆಸ್ತಿ ತೆರಿಗೆ ಸ್ವಂತ ವಾಸ ಎಂದು ಕಟ್ಟುತ್ತಿದ್ದರೆ ಬಾಡಿಗೆ ಎಂದು ಬದಲಿಸಬೇಕು, ದರ ಹೆಚ್ಚು. ಬಾಡಿಗೆದಾರರ ಗುರುತಿನ ವಿವರ ಹತ್ತಿರದ ಪೊಲೀಸ್ ಠಾಣೆಗೆ ಹೋಗಲಿ. ಆಮೇಲೆ ನೀರು. 2024ರ ಬೇಸಿಗೆಯಲ್ಲಿ ಆ ಭಾಗದ ಅಪಾರ್ಟ್‌ಮೆಂಟುಗಳು ಟ್ಯಾಂಕರಿಗಾಗಿ ಪರದಾಡಿದ್ದನ್ನು ಎಲ್ಲರೂ ನೋಡಿದ್ದೇವೆ. ಅದೇ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು, ಆದರೂ ನಿಮ್ಮ ಕಟ್ಟಡಕ್ಕೆ ಸಂಪರ್ಕ ಬಂದಿದೆಯೇ ಎಂದು ಸಂಘದವರನ್ನು ಕೇಳಿ. ಟ್ಯಾಂಕರ್ ಖರ್ಚು ಮೇಂಟೆನೆನ್ಸ್ ಮೇಲೆ ಬಿದ್ದಾಗ ಯಾರು ಕೊಡಬೇಕು? ಇದನ್ನು ಬರೆಯದೆ ಬಿಟ್ಟವರು ಏಪ್ರಿಲ್‌ನಲ್ಲಿ ಜಗಳವಾಡುತ್ತಾರೆ.

ಇನ್ನೊಂದು: ಜಾಹೀರಾತು ಹಾಕಿದ ಗಂಟೆಯೊಳಗೆ ‘ನಾನು ಸೇನೆಯ ಅಧಿಕಾರಿ, ಮನೆ ನೋಡುವುದೇ ಬೇಡ, ಅಡ್ವಾನ್ಸ್ ಈಗಲೇ ಕಳಿಸುತ್ತೇನೆ, ಈ ಕೋಡ್ ಸ್ಕ್ಯಾನ್ ಮಾಡಿ’ ಎಂಬ ಕರೆ ಬಂದರೂ ಬಂದೀತು. ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ. ಕರೆ ಕತ್ತರಿಸಿ.

ಆಲೂರು_ತೋಟ

ಎಲ್ಲರಿಗೂ ಉಪಕಾರವಾಯಿತು. ಮಗನೊಂದಿಗೆ ಮಾತನಾಡಿದೆ. ಶೇ 31.2 ಎಂದಾಗ ಅವನೂ ಒಂದು ಕ್ಷಣ ಸುಮ್ಮನಾದ. ಪ್ರಮಾಣಪತ್ರದ ಅರ್ಜಿಗೆ ಬೇಲೂರಿನವರು ಹೇಳಿದ ದಾರಿ ಹಿಡಿಯುತ್ತೇವೆ.

ಸೋಫಾ, ಟಿವಿ, ಹಾಸಿಗೆ, ಊಟದ ಮೇಜು ಊರಿಗೆ ಬರುತ್ತವೆ. ನನ್ನಾಕೆ ಸೋಫಾ ಎಲ್ಲಿಡಬೇಕೆಂದು ಆಗಲೇ ಅಳತೆ ಹಿಡಿದಿದ್ದಾಳೆ. ಫ್ರಿಜ್, ವಾಷಿಂಗ್ ಮೆಷಿನ್ ವಿಷಯದಲ್ಲಿ ಮಾತ್ರ ಮೇಷ್ಟ್ರಿಗೂ ಕಡೂರಿನ ಮಗುವಿಗೂ ನಡುವೆ ಸಿಕ್ಕಿಬಿದ್ದಿದ್ದೇನೆ.

ವಿದ್ಯಾನಗರ_ಮೇಷ್ಟ್ರು

ನನ್ನದು ಅದೇ ಮಾತು. ತನ್ನಿ.

ಕಡೂರು_ಹುಡುಗಿ

ಬಿಡಿ ಅಂಕಲ್, ಆದರೆ ಬಾಡಿಗೆ ಸೇರಿಸದೆ ಬಿಡಿ. ‘ಇವೆರಡು ಇವೆ, ಬಳಸಬಹುದು, ಕೆಟ್ಟರೆ ರಿಪೇರಿ ನಿಮ್ಮದು, ಬೇಡವಾದರೆ ತಿಳಿಸಿ, ತೆಗೆಸುತ್ತೇವೆ’ ಎಂದು ಬರೆದರೆ ನಮ್ಮಂಥವರು ಸಂತೋಷದಿಂದ ಒಪ್ಪುತ್ತೇವೆ. ನಿಮ್ಮ ಮನೆ ಬೇಗ ಹೋಗುತ್ತದೆ, ಫೋನೂ ಬರುವುದಿಲ್ಲ.

ಬೇಲೂರು_ಲೆಕ್ಕಪತ್ರ

ತೆರಿಗೆ ಲೆಕ್ಕಕ್ಕೂ ಇದು ಒಳ್ಳೆಯದೇ. ಬಾಡಿಗೆ ಮನೆಗೆ ಮಾತ್ರ ಎಂದು ಕರಾರಿನಲ್ಲಿ ಸ್ಪಷ್ಟವಾಗಿರಲಿ.

ವಕೀಲರ_ಜಗಲಿ

ಬಳಸಲು ಬಿಟ್ಟದ್ದನ್ನೂ ಪಟ್ಟಿಯಲ್ಲಿ ಸೇರಿಸಿ. ಕಂಪನಿ, ಮಾದರಿ, ಕ್ರಮಸಂಖ್ಯೆ, ಕೊಂಡ ವರ್ಷ, ಈಗಿನ ಸ್ಥಿತಿ ಎಲ್ಲ ಬರೆದು, ಪಟ್ಟಿಯನ್ನು ಕರಾರಿನ ಭಾಗವೆಂದೇ ನಮೂದಿಸಿ ಪ್ರತಿ ಪುಟಕ್ಕೂ ಇಬ್ಬರ ಸಹಿ ಇರಲಿ. ಬೀಗದ ಕೈ ಕೊಡುವ ದಿನ ಕೋಣೆ ಕೋಣೆ ವಿಡಿಯೊ ಮಾಡಿ ಇಬ್ಬರ ಮೊಬೈಲಿನಲ್ಲೂ ಇಟ್ಟುಕೊಳ್ಳಿ. ನಲ್ಲಿ ಬಿಟ್ಟು, ಗೀಸರ್ ಹಾಕಿ, ಮೆಷಿನ್ ತಿರುಗಿಸಿ ತೋರಿಸಬೇಕು, ಬರೀ ಗೋಡೆ ತೋರಿಸಿದರೆ ಸಾಲದು. ಅಧಿಕಾರ ಪತ್ರದ ಕರಡು ಸಿದ್ಧವಾದಾಗ ಜರ್ಮನಿಗೆ ಕಳಿಸುವ ಮೊದಲು ಒಮ್ಮೆ ಯಾರಾದರೂ ವಕೀಲರಿಗೆ ತೋರಿಸಿ. ಸಹಿಯಾದ ಮೇಲೆ ತಿದ್ದಬೇಕಾದರೆ ಮಗ, ಸೊಸೆ ಮತ್ತೊಮ್ಮೆ ದೂತಾವಾಸ ಕಚೇರಿಗೆ ಹೋಗಬೇಕಾಗುತ್ತದೆ.